ಯಾವ ದೇಶದ ಕಾರು ವೇಗ? ಲ್ಯಾಪ್ ಟೈಮ್ ನೋಡಿ ಆರಿಸುವ ಬಗೆ

ಒಂದು ಕಡೆ ಜರ್ಮನಿಯ ಪೋರ್ಶೆ 911 ಜಿಟಿ3 ಆರ್‌ಎಸ್. ಸುಮಾರು 520 ಎಚ್‌ಪಿ. ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇಲ್ಲ, ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಇನ್ನೊಂದು ಕಡೆ ಅಮೆರಿಕದ ಕಾರ್ವೆಟ್ ಜೆಡ್‌ಆರ್1ಎಕ್ಸ್. 1,250 ಎಚ್‌ಪಿ, ಎರಡು ಟರ್ಬೊ, ಸಾಲದ್ದಕ್ಕೆ ಮುಂದಿನ ಚಕ್ರಗಳಿಗೆ ಎಲೆಕ್ಟ್ರಿಕ್ ಮೋಟಾರ್ ಬೇರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಉದ್ದನೆಯ ಟ್ರ್ಯಾಕ್ ನಾರ್ಡ್‌ಶ್ಲೈಫೆಯಲ್ಲಿ 2022ರಲ್ಲಿ ಪೋರ್ಶೆ ಒಂದು ಸುತ್ತಿಗೆ ತೆಗೆದುಕೊಂಡದ್ದು 6 ನಿಮಿಷ 49.328 ಸೆಕೆಂಡ್. 2025ರಲ್ಲಿ ಕಾರ್ವೆಟ್ ತೆಗೆದುಕೊಂಡದ್ದು 6 ನಿಮಿಷ 49.275 ಸೆಕೆಂಡ್.

ಅಂತರ 0.053 ಸೆಕೆಂಡ್. ಸುಮಾರು 21 ಕಿಲೋಮೀಟರ್ ಓಡಿ ಬಂದ ಮೇಲೆ ಮೂರು ಮೀಟರ್ ಕೂಡ ಇಲ್ಲ. ಒಂದು ಕಾರಿನ ಉದ್ದಕ್ಕಿಂತ ಕಡಿಮೆ.

ಹಾಗಾದರೆ ಎರಡೂ ಸಮ ಅಂತ ಬರೆದುಕೊಂಡು ಬಿಡೋಣವೇ? ಸ್ವಲ್ಪ ತಾಳಿ. ಪೋರ್ಶೆ ಓಡಿಸಿದವರು ಯೋರ್ಗ್ ಬರ್ಗ್‌ಮೈಸ್ಟರ್, ವರ್ಷಗಟ್ಟಲೆ ರೇಸ್ ಮಾಡಿದ ವೃತ್ತಿಪರ. ಆದರೆ ಆ ದಿನ ಟ್ರ್ಯಾಕ್ ತಣ್ಣಗಿತ್ತು, ಎದುರುಗಾಳಿ ಬೇರೆ. ಕಾರ್ವೆಟ್ ಓಡಿಸಿದವರು ಕಂಪನಿಯ ಎಂಜಿನಿಯರ್ ಡ್ರೂ ಕ್ಯಾಟೆಲ್, ರೇಸ್ ಡ್ರೈವರ್ ಅಲ್ಲ. ಚಾಲಕರನ್ನು ಅದಲು ಬದಲು ಮಾಡಿದ್ದರೆ? ಗಾಳಿ ನಿಂತಿದ್ದರೆ? ಅದಕ್ಕೇ ನನ್ನ ಮಟ್ಟಿಗೆ ಲ್ಯಾಪ್ ಟೈಮ್ ಎಂದರೆ ಕಾರಿನ ಅಂಕಿ ಅಲ್ಲ. ಆ ಕಾರು, ಆ ಟೈರು, ಆ ಚಾಲಕ, ಆ ದಿನ, ನಾಲ್ಕೂ ಸೇರಿ ಆದ ಅಂಕಿ. ಬೇರೆ ಬೇರೆ ದೇಶದ ಕಾರುಗಳನ್ನು ಹೋಲಿಸುವಾಗ ಈ ನಾಲ್ಕನ್ನು ಬಿಡಿಸಿ ನೋಡದಿದ್ದರೆ ಸುಮ್ನೆ ಅಂಕಿ ಓದಿದ ಹಾಗಾಗುತ್ತದೆ.

ಉದ್ದದ ಮೋಸ

ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ. ನಾರ್ಡ್‌ಶ್ಲೈಫೆ ವಿಷಯದಲ್ಲಿ ಬಹಳ ವರ್ಷ ಅಳತೆಯೇ ಪೂರ್ತಿ ಇರಲಿಲ್ಲ. ಒಂದು ಸುತ್ತಿನ ನಿಜವಾದ ಉದ್ದ 20.832 ಕಿ.ಮೀ. ಆದರೆ ಕಂಪನಿಗಳು, ಪತ್ರಿಕೆಗಳು ಅಳೆಯುತ್ತಿದ್ದದ್ದು 20.6 ಕಿ.ಮೀ. ಮಾತ್ರ. ಪ್ರೇಕ್ಷಕರ ಸ್ಟ್ಯಾಂಡ್ ಹತ್ತಿರದ ಸುಮಾರು 230 ಮೀಟರ್ ತುಂಡನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2019ರಿಂದ ಟ್ರ್ಯಾಕಿನವರು ಪೂರ್ತಿ ಸುತ್ತನ್ನೇ ಅಧಿಕೃತ ಅಂತ ಮಾಡಿದರು. ಕಾರುಗಳನ್ನು ವರ್ಗ ಮಾಡಿ, ನೋಟರಿಯ ಎದುರು ಪರೀಕ್ಷಿಸುವ ಪದ್ಧತಿಯೂ ಬಂತು.

ಇದರಿಂದ ಆಗುವ ಎಡವಟ್ಟಿಗೆ ಹೋಂಡಾ ಸಿವಿಕ್ ಟೈಪ್ ಆರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2017ರ ಸಿವಿಕ್ 7:43.80. 2023ರ ಹೊಸ ಸಿವಿಕ್ 7:44.881. ಎರಡನ್ನು ಪಕ್ಕಪಕ್ಕ ಇಟ್ಟರೆ ಆರು ವರ್ಷದಲ್ಲಿ ಹೋಂಡಾ ಹಿಂದಕ್ಕೆ ಹೋಯಿತು ಅನ್ನಿಸುತ್ತೆ ಅಲ್ವಾ? ಹಳೆಯದು ಚಿಕ್ಕ ಅಳತೆ, ಹೊಸದು ಪೂರ್ತಿ ಅಳತೆ. ಆ 230 ಮೀಟರಿಗೆ ಎಷ್ಟು ಸೆಕೆಂಡ್ ಅಂತ ತಿಳಿಯಲು ಎರಡೂ ಅಳತೆಯ ಟೈಮ್ ಕೊಟ್ಟಿರುವ ಕಾರುಗಳನ್ನು ನೋಡಿ. ರೆನೋ ಮೆಗಾನ್ ಆರ್‌ಎಸ್ ಟ್ರೋಫಿ-ಆರ್ 2019ರಲ್ಲಿ ಚಿಕ್ಕ ಅಳತೆಯಲ್ಲಿ 7:40.100, ಪೂರ್ತಿಯಲ್ಲಿ 7:45.389. ಅಂದರೆ 5.3 ಸೆಕೆಂಡ್. ಮರ್ಸಿಡಿಸ್-ಎಎಂಜಿ ಜಿಟಿ ಬ್ಲ್ಯಾಕ್ ಸೀರೀಸ್ 2020ರಲ್ಲಿ 6:43.616 ಮತ್ತು 6:48.047. ಅಂದರೆ 4.4 ಸೆಕೆಂಡ್. ಹಳೆಯ ಟೈಮ್ ಸಿಕ್ಕರೆ ನಾನು ಕಣ್ಣುಮುಚ್ಚಿ ಐದು ಸೆಕೆಂಡ್ ಸೇರಿಸುತ್ತೇನೆ. ಹಾಗೆ ನೋಡಿದರೆ ಹೊಸ ಸಿವಿಕ್ ಹಳೆಯದಕ್ಕಿಂತ ಸುಮಾರು ನಾಲ್ಕು ಸೆಕೆಂಡ್ ಮುಂದೆ.

ಇನ್ನೊಂದು ಚಿಕ್ಕ ಲೆಕ್ಕ. ಬೇರೆ ಬೇರೆ ಟ್ರ್ಯಾಕಿನ ಅಂತರವನ್ನು ಸೆಕೆಂಡಿನಲ್ಲಿ ಹೋಲಿಸಬೇಡಿ, ಶೇಕಡಾದಲ್ಲಿ ಹೋಲಿಸಿ. ಏಳು ನಿಮಿಷದ ಸುತ್ತಿನಲ್ಲಿ ನಾಲ್ಕು ಸೆಕೆಂಡ್ ಎಂದರೆ ಶೇ. 1. ಒಂದೂವರೆ ನಿಮಿಷದ ಸುತ್ತಿನಲ್ಲಿ ಅದೇ ನಾಲ್ಕು ಸೆಕೆಂಡ್ ಎಂದರೆ ಆಕಾಶ ಭೂಮಿ. ಶೇ. 1ಕ್ಕಿಂತ ಕಡಿಮೆ ಅಂತರ ಕಂಡರೆ ನಾನು ಎರಡೂ ಕಾರನ್ನು ಸಮ ಅಂತಲೇ ಹಿಡಿಯುತ್ತೇನೆ. ಅಷ್ಟನ್ನು ಹೊಸ ಟೈರು, ತಂಪು ಗಾಳಿ, ಚಾಲಕನ ಧೈರ್ಯ ಸೇರಿ ತಂದುಕೊಡುತ್ತವೆ.

ಓಡಿಸಿದವರು ಯಾರು, ಅಳೆದವರು ಯಾರು

2008ರಲ್ಲಿ ದೊಡ್ಡ ಜಗಳವೇ ಆಯಿತು. ಜಪಾನಿನ ನಿಸಾನ್ ತನ್ನ ಜಿಟಿ-ಆರ್ ನಾರ್ಡ್‌ಶ್ಲೈಫೆಯನ್ನು 7:29ರಲ್ಲಿ ಸುತ್ತಿತು ಎಂದಿತು. ಓಡಿಸಿದವರು ತೋಶಿಯೊ ಸುಜುಕಿ. ಪೋರ್ಶೆಯವರಿಗೆ ನಂಬಿಕೆ ಬರಲಿಲ್ಲ. ತಾವೇ ಒಂದು ಜಿಟಿ-ಆರ್ ಕೊಂಡು ತಮ್ಮ ಚಾಲಕನಿಂದ ಓಡಿಸಿದರು. ಬಂದದ್ದು 7:54. ಅದೇ ಮಾದರಿಯ ಕಾರು, ಅದೇ ಟ್ರ್ಯಾಕು, 25 ಸೆಕೆಂಡ್ ವ್ಯತ್ಯಾಸ!

ನಿಸಾನ್‌ನವರು ಕಾರಿನಲ್ಲಿ ಏನೋ ಮಾಡಿದ್ದಾರೆ ಅಂತ ಪೋರ್ಶೆಯವರು ಅಂದರು. ನಿಸಾನ್‌ನವರು ನಿಮ್ಮವರಿಗೆ ಕಾರು ಓಡಿಸಲು ಬರಲಿಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇಲ್ಲಿ ಅರ್ಧ ಮಾತ್ರ ಒಪ್ಪುತ್ತದೆ, ಯಾಕೆಂದರೆ ಈ ನೆಲ ನಿಜಕ್ಕೂ ಡೊಂಕು. ಎಪ್ಪತ್ತಕ್ಕೂ ಹೆಚ್ಚು ತಿರುವು, ಸುಮಾರು 300 ಮೀಟರ್ ಏರಿಳಿತ. ಒಂದು ಕಾರನ್ನು ತಿಂಗಳುಗಟ್ಟಲೆ ಇಲ್ಲೇ ತಿದ್ದಿದ ಚಾಲಕನಿಗೂ ಎರಡು ದಿನ ಓಡಿಸಿದವನಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆದರೂ 25 ಸೆಕೆಂಡ್ ಸ್ವಲ್ಪ ಜಾಸ್ತಿಯೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ನಿಜ ಎಲ್ಲೋ ನಡುವೆ ಇರಬೇಕು.

ಆ ಜಗಳದಿಂದ ನಾನು ಕಲಿತದ್ದು ಒಂದೇ. ಕಂಪನಿ ತನ್ನ ಕಾರಿಗೆ ಕೊಡುವ ಟೈಮ್ ಒಳ್ಳೆಯ ದಿನದ್ದು. ಎದುರಾಳಿ ಕೊಡುವ ಟೈಮ್ ಕೆಟ್ಟ ದಿನದ್ದು. ಮೂರನೆಯವರು ಅಳೆದದ್ದು ಸಿಕ್ಕರೆ ಅದನ್ನೇ ಮೊದಲು ನೋಡಿ. ಅಮೆರಿಕದ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆ 2006ರಿಂದ ವರ್ಜೀನಿಯಾದ 6.6 ಕಿ.ಮೀ. ಟ್ರ್ಯಾಕಿನಲ್ಲಿ ಲೈಟ್ನಿಂಗ್ ಲ್ಯಾಪ್ ಅಂತ ಪರೀಕ್ಷೆ ನಡೆಸುತ್ತದೆ. ಎಲ್ಲ ದೇಶದ ಕಾರೂ ಅಲ್ಲಿ ಬರುತ್ತವೆ, ಓಡಿಸುವವರು ಪತ್ರಿಕೆಯವರೇ. ಜರ್ಮನಿಯ ಸ್ಪೋರ್ಟ್ ಆಟೊ ಪತ್ರಿಕೆ ಹಾಕನ್‌ಹೈಮ್‌ನ ಚಿಕ್ಕ ಟ್ರ್ಯಾಕಿನಲ್ಲೂ ನಾರ್ಡ್‌ಶ್ಲೈಫೆಯಲ್ಲೂ ತನ್ನದೇ ಚಾಲಕನಿಂದ ಅಳೆಯುತ್ತದೆ. ಜಪಾನಿನಲ್ಲಿ ಎರಡು ಕಿ.ಮೀ. ಚಿಲ್ಲರೆ ಉದ್ದದ ತ್ಸುಕುಬಾ ಇದೆ. ಒಂದೇ ಕೈ, ಒಂದೇ ಅಳತೆ. ಟೈಮ್ ನಿಧಾನವಾಗಿ ಕಂಡರೂ ಹೋಲಿಕೆಗೆ ಇವೇ ಹೆಚ್ಚು ನಂಬಿಕಸ್ತ.

ಟೈರು, ಮತ್ತೆ ಪ್ಯಾಕೇಜು

ಇದನ್ನು ಬೇಗ ಮುಗಿಸಬಹುದು, ಆದರೆ ತಪ್ಪಿಸಬೇಡಿ. ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಆರ್, ಪಿರೆಲಿ ಪಿ ಝೀರೊ ಟ್ರೋಫಿಯೊ ಆರ್ ತರಹದ ಟೈರುಗಳು ರಸ್ತೆಗೆ ಕಾನೂನು ಪ್ರಕಾರ ಸರಿ, ಆದರೆ ಗುಣದಲ್ಲಿ ರೇಸ್ ಟೈರಿನ ತಮ್ಮಂದಿರು. ಬಿಸಿಯಾದರೆ ಅಂಟಿಕೊಂಡ ಹಾಗೆ ಹಿಡಿಯುತ್ತವೆ. ಮಳೆಯಲ್ಲಿ ಭಯ ಹುಟ್ಟಿಸುತ್ತವೆ, ಬೇಗ ಸವೆಯುತ್ತವೆ. ಒಂದು ಕಾರು ಇಂಥ ಟೈರಿನಲ್ಲಿ, ಇನ್ನೊಂದು ಸಾಮಾನ್ಯ ಟೈರಿನಲ್ಲಿ ಓಡಿದ್ದರೆ ಆ ಹೋಲಿಕೆಯನ್ನು ಅಲ್ಲೇ ಬಿಟ್ಟುಬಿಡಿ.

ಪ್ಯಾಕೇಜಿನ ಕಥೆಯೂ ಇಂಥದ್ದೇ. 2013ರಲ್ಲಿ ನಿಸಾನ್ ಜಿಟಿ-ಆರ್ ನಿಸ್ಮೊ 7:08.679 ಎಂದು ಸುದ್ದಿಯಾಯಿತು. ಆ ಕಾರಿಗೆ ಬೇರೆ ರೆಕ್ಕೆ, ಬೇರೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎಲ್ಲ ಇರುವ ಟ್ರ್ಯಾಕ್ ಪ್ಯಾಕೇಜ್ ಹಾಕಿತ್ತು. ಮಾಮೂಲಿ ನಿಸ್ಮೊ ಅಲ್ಲ. ಪೋರ್ಶೆ 911 ಜಿಟಿ2 ಆರ್‌ಎಸ್ 2017ರಲ್ಲಿ ಚಿಕ್ಕ ಅಳತೆಯಲ್ಲಿ 6:47.25 ಮಾಡಿತ್ತು. ಮಾಂಟೈ ಕಂಪನಿಯ ಕಿಟ್ ಹಾಕಿದ ಮೇಲೆ 2021ರಲ್ಲಿ ಪೂರ್ತಿ ಅಳತೆಯಲ್ಲೇ 6:43.300. ದಾರಿ ಉದ್ದವಾಯಿತು, ಸಮಯ ಕಡಿಮೆಯಾಯಿತು. ಎರಡೂ ಸಲ ಓಡಿಸಿದವರು ಲಾರ್ಸ್ ಕೆರ್ನ್. ಕಾರು ಆರಿಸುವಾಗ ಕೇಳಬೇಕಾದ್ದು, ನನಗೆ ಸಿಗುವ ಕಾರಿನಲ್ಲಿ ಈ ಕಿಟ್ ಇರುತ್ತದೆಯೇ ಅಂತ.

ಟ್ರ್ಯಾಕಿಗೂ ಊರಿದೆ

ನನಗೆ ಬಹಳ ಇಷ್ಟವಾದ ಹೋಲಿಕೆ ಪೋರ್ಶೆ 918 ಸ್ಪೈಡರ್ ಮತ್ತು ಡಾಡ್ಜ್ ವೈಪರ್ ಎಸಿಆರ್‌ದು. ಒಂದು ಜರ್ಮನಿಯ ಹೈಬ್ರಿಡ್, ನಾಲ್ಕೂ ಚಕ್ರಕ್ಕೆ ಶಕ್ತಿ, 887 ಎಚ್‌ಪಿ. ಇನ್ನೊಂದು ಅಮೆರಿಕದ ಹಳೇ ಕಾಲದ ಗಟ್ಟಿ ಪಿಂಡ. ಮುಂದೆ 8.4 ಲೀಟರಿನ ಹತ್ತು ಸಿಲಿಂಡರ್, ಹಿಂದೆ ಮೇಜಿನಷ್ಟು ರೆಕ್ಕೆ, 645 ಎಚ್‌ಪಿ, ಕೈಯಲ್ಲೇ ಗೇರ್.

ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ 3.6 ಕಿ.ಮೀ. ಉದ್ದದ ಟ್ರ್ಯಾಕು. ಅಲ್ಲಿ 918ರ ಟೈಮ್ 1:29.89. ವೈಪರ್ 2015ರಲ್ಲಿ 1:28.65. ಎರಡನ್ನೂ ಓಡಿಸಿದವರು ರ‍್ಯಾಂಡಿ ಪೋಬ್ಸ್ಟ್. ಅಮೆರಿಕದ ಕಾರು ಶೇ. 1.4 ಮುಂದೆ. ಈಗ ನಾರ್ಡ್‌ಶ್ಲೈಫೆಗೆ ಬನ್ನಿ. 918 2013ರಲ್ಲಿ 6:57. ವೈಪರ್ 2017ರಲ್ಲಿ 7:01.3. ಇಲ್ಲಿ ಜರ್ಮನ್ ಕಾರು ಶೇ. 1 ಮುಂದೆ.

ಯಾಕೆ ಹೀಗೆ? ಲಗೂನಾ ಸೆಕಾದಲ್ಲಿ ಉದ್ದನೆಯ ನೇರ ದಾರಿ ಇಲ್ಲ. ಹನ್ನೊಂದು ತಿರುವು, ಅದರಲ್ಲಿ ಕಾರ್ಕ್‌ಸ್ಕ್ರೂ ಅನ್ನುವುದು ಮಹಡಿ ಮೆಟ್ಟಿಲು ಇಳಿದ ಹಾಗೆ ಸರ್ರನೆ ಕೆಳಗೆ ಬೀಳುತ್ತದೆ. ವೈಪರಿನ ರೆಕ್ಕೆ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ ತಿರುವಿನಲ್ಲಿ ಅದಕ್ಕೆ ಲಾಭ. ಅದೇ ರೆಕ್ಕೆ ಗಾಳಿಗೆ ಗೋಡೆಯೂ ಹೌದು. ಅದರಿಂದಾಗಿ ವೈಪರ್ ಎಸಿಆರ್‌ನ ಗರಿಷ್ಠ ವೇಗ ಗಂಟೆಗೆ 285 ಕಿ.ಮೀ.ಗೆ ನಿಂತುಬಿಡುತ್ತದೆ. ನಾರ್ಡ್‌ಶ್ಲೈಫೆಯ ಕೊನೆಯಲ್ಲಿ ಡೊಟಿಂಗರ್ ಹೋಹೆ ಅಂತ ಎರಡು ಕಿ.ಮೀ.ಗೂ ಉದ್ದದ ನೇರ ದಾರಿ ಇದೆ. ವೈಪರ್ ಉಸಿರುಗಟ್ಟುವುದು ಅಲ್ಲೇ.

ಇನ್ನೊಂದು ಮಾತು. 918ರ ಹಿಂದೆ ಪೋರ್ಶೆ ಕಂಪನಿಯೇ ನಿಂತಿತ್ತು. ವೈಪರ್ 2017ರಲ್ಲಿ ಅಲ್ಲಿಗೆ ಹೋದದ್ದು ಅಭಿಮಾನಿಗಳು ಹಣ ಕೂಡಿಸಿ ಕಳಿಸಿದ್ದರಿಂದ. ಕೊನೆಗೆ ಟೈರ್ ಒಡೆದು ಕಾರು ಗುದ್ದಿ, ಪ್ರಯತ್ನ ಅಲ್ಲಿಗೇ ನಿಂತಿತು. ಏಳು ನಿಮಿಷದ ಗೆರೆ ದಾಟಲು 1.3 ಸೆಕೆಂಡ್ ಉಳಿದಿತ್ತು. ಈ ಸಂಗತಿ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮೆಗಾನ್ ಮತ್ತು ಸಿವಿಕ್ ನಡುವೆಯೂ ಹೀಗೇ ಆಗಿದೆ. ಫ್ರಾನ್ಸಿನ ಮೆಗಾನ್ 2019ರಲ್ಲಿ ಹೋಂಡಾದ ಮನೆಯಂಗಳ, ಜಪಾನಿನ ಸುಜುಕಾ ಟ್ರ್ಯಾಕಿಗೇ ಹೋಗಿ 2:25.454 ಮಾಡಿ ದಾಖಲೆ ಕಿತ್ತುಕೊಂಡಿತು. ಹೋಂಡಾ ಸುಮ್ಮನಿರುತ್ತದೆಯೇ? 2020ರಲ್ಲಿ 2:23.993, ಹೊಸ ಸಿವಿಕ್ 2022ರಲ್ಲಿ 2:23.120. ಸುಜುಕಾದಲ್ಲಿ ಸಿವಿಕ್ ಶೇ. 1.6 ಮುಂದೆ. ನಾರ್ಡ್‌ಶ್ಲೈಫೆಯಲ್ಲಿ ಅದೇ ಎರಡು ಕಾರಿನ ಅಂತರ ಅರ್ಧ ಸೆಕೆಂಡ್, ಅಂದರೆ ಶೇ. 0.1. ತನ್ನ ಮನೆಯಂಗಳದಲ್ಲಿ ಎಲ್ಲರೂ ಚೆನ್ನಾಗಿ ಕುಣಿಯುತ್ತಾರೆ. ಒಂದು ಕಾರನ್ನು ಕನಿಷ್ಠ ಎರಡು ಟ್ರ್ಯಾಕಿನಲ್ಲಿ ನೋಡಿ, ಅದರಲ್ಲಿ ಒಂದು ಎದುರಾಳಿಯ ಮನೆಯದ್ದಾಗಿರಲಿ.

ದೇಶ ದೇಶದ ಸ್ವಭಾವ

ಜರ್ಮನಿಯವರಿಗೆ ನಾರ್ಡ್‌ಶ್ಲೈಫೆ ಹಿತ್ತಲು. ಅದಕ್ಕೇ ಅವರ ಕಾರು ಅಲ್ಲಿ ತನ್ನ ಶಕ್ತಿಗೆ ಮೀರಿ ಓಡುತ್ತದೆ. ಜಿಟಿ3 ಆರ್‌ಎಸ್ ಗಂಟೆಗೆ 285 ಕಿ.ಮೀ. ವೇಗದಲ್ಲಿ 860 ಕೆ.ಜಿ. ಡೌನ್‌ಫೋರ್ಸ್, ಅಂದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ, ಹುಟ್ಟಿಸುತ್ತದೆ. ಕಾರಿನ ತೂಕವೇ 1,450 ಕೆ.ಜಿ. ಅನ್ನುವುದನ್ನು ನೆನಪಿಡಿ. ಕಡಿಮೆ ತೂಕ, ಗಟ್ಟಿ ಬ್ರೇಕು, ಹತ್ತನೇ ಸುತ್ತಿನಲ್ಲೂ ಮೊದಲ ಸುತ್ತಿನಂಥದೇ ನಡತೆ. ದಾಖಲೆ ಬೇಕಾದವರಿಗೆ ಎಎಂಜಿ ಒನ್ ಇದೆ. ಫಾರ್ಮುಲಾ ಒನ್ ಎಂಜಿನ್ ಹೊತ್ತು 2024ರಲ್ಲಿ 6:29.090. ಕಟ್ಟಿದ್ದೇ 275. ಅದನ್ನು ಆರಿಸುವವರಿಗೆ ಮಾರ್ಗದರ್ಶಿ ಯಾಕೆ ಬೇಕು ಬಿಡಿ.

ಅಮೆರಿಕದವರು ನೇರ ದಾರಿಯಲ್ಲಿ ಮಾತ್ರ ಗಟ್ಟಿ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದು ಹಳಸಿ ಹೋಗಿದೆ. 2025ರಲ್ಲಿ ಕಾರ್ವೆಟ್ ತಂಡ ಮೂರು ಕಾರು ತಂದು ಮೂರನ್ನೂ ತಮ್ಮ ಎಂಜಿನಿಯರ್‌ಗಳಿಂದಲೇ ಓಡಿಸಿತು. ಜೆಡ್‌06 7:11.826, ಜೆಡ್‌ಆರ್1 6:50.763, ಜೆಡ್‌ಆರ್1ಎಕ್ಸ್ 6:49.275. ಫೋರ್ಡ್ ಮಸ್ಟಾಂಗ್ ಜಿಟಿಡಿ ಅದೇ ವರ್ಷ 6:52.072, ಓಡಿಸಿದವರು ರೇಸ್ ಡ್ರೈವರ್ ಡಿರ್ಕ್ ಮ್ಯೂಲರ್. ಎಂಜಿನಿಯರ್‌ಗಳು ರೇಸ್ ಡ್ರೈವರಿಗಿಂತ ಮುಂದೆ ಬಂದರು! ಈ ಮೂರು ಕಾರ್ವೆಟ್ ಟೈಮ್‌ಗಳಲ್ಲಿ ಇನ್ನೊಂದು ಪಾಠ ಇದೆ. ಜೆಡ್‌ಆರ್1ಕ್ಕಿಂತ ಜೆಡ್‌ಆರ್1ಎಕ್ಸ್‌ಗೆ ಸುಮಾರು 190 ಎಚ್‌ಪಿ ಜಾಸ್ತಿ, ಜೊತೆಗೆ ನಾಲ್ಕೂ ಚಕ್ರಕ್ಕೆ ಶಕ್ತಿ. ಗಳಿಸಿದ್ದು ಒಂದೂವರೆ ಸೆಕೆಂಡ್. ನಾನಾಗಿದ್ದರೆ ಹಗುರ ಇರುವ ಜೆಡ್‌ಆರ್1 ಸಾಕು ಅನ್ನುತ್ತಿದ್ದೆ.

ಇಟಲಿಯಲ್ಲಿ ಎರಡು ದಾರಿ. ಲ್ಯಾಂಬೊರ್ಗಿನಿ ನ್ಯೂರ್ಬರ್ಗ್‌ರಿಂಗ್‌ಗೆ ಬಂದು ಸ್ಪರ್ಧಿಸುತ್ತದೆ. ಅವೆಂಟಡಾರ್ ಎಸ್‌ವಿಜೆ 2018ರಲ್ಲಿ ಚಿಕ್ಕ ಅಳತೆಯಲ್ಲಿ 6:44.97 ಮಾಡಿತ್ತು. ಫೆರಾರಿ ತನ್ನ ಸ್ವಂತ ಟ್ರ್ಯಾಕು ಫಿಯೊರಾನೊದ ಟೈಮ್ ಕೊಡುತ್ತದೆ. ಎಂಜೊ 1:24.9, ಲಾಫೆರಾರಿ 1:19.7, ಎಸ್‌ಎಫ್90 ಸ್ಟ್ರಡಾಲೆ 1:19. ಫೆರಾರಿಯನ್ನು ಫೆರಾರಿ ಜೊತೆ ಹೋಲಿಸಲು ಇದು ಬಹಳ ಚೆನ್ನಾಗಿದೆ. ಬೇರೆಯವರ ಜೊತೆ ಹೋಲಿಸಲು ಏನೂ ಪ್ರಯೋಜನ ಇಲ್ಲ. ಬ್ರಿಟನ್ನಿನ ಮೆಕ್ಲಾರೆನ್ ತನ್ನ ಪಿ1 ಬಗ್ಗೆ ಏಳು ನಿಮಿಷಕ್ಕಿಂತ ಕಡಿಮೆ ಅಂತ ಮಾತ್ರ ಹೇಳಿ ಬಾಯಿ ಮುಚ್ಚಿಕೊಂಡಿತು. ಅದನ್ನು ಪಟ್ಟಿಯಿಂದ ತೆಗೆಯಿರಿ.

ಚೀನಾದ ಅಂಕಿಗಳನ್ನು ಓದುವಾಗ ಮಾತ್ರ ಕಣ್ಣು ಅಗಲ ಇರಲಿ. ಶಿಯೊಮಿ ಎಸ್‌ಯು7 ಅಲ್ಟ್ರಾ 6:22.091 ಅಂತಲೂ ಕೇಳುತ್ತೀರಿ, 7:04.957 ಅಂತಲೂ ಕೇಳುತ್ತೀರಿ. ಎರಡೂ ನಿಜ, ಎರಡೂ 2025ರವು. ಮೊದಲನೆಯದು ಒಳಗೆಲ್ಲ ಬರಿದು ಮಾಡಿದ ಪ್ರೊಟೊಟೈಪ್, ಅಂದರೆ ಮಾರಾಟಕ್ಕಲ್ಲದ ಪ್ರಯೋಗದ ಕಾರು. ಎರಡನೆಯದು ಜನ ಕೊಳ್ಳಬಹುದಾದ ನಾಲ್ಕು ಬಾಗಿಲಿನ ಕಾರು. ಸುಮಾರು 43 ಸೆಕೆಂಡ್ ಅಂತರ. ಆದರೆ ಆ 7:04.957 ಕೂಡ ಸಣ್ಣ ಮಾತಲ್ಲ. ಕ್ರೊಯೇಶಿಯಾದ ರಿಮಾಟ್ಸ್ ನೆವೆರಾ ಸುಮಾರು 1,900 ಎಚ್‌ಪಿ ಇಟ್ಟುಕೊಂಡು 2023ರಲ್ಲಿ 7:05.298 ಮಾಡಿತ್ತು. ಅದೇ 2025ರಲ್ಲಿ ಚೀನಾದ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 3,000 ಎಚ್‌ಪಿಗೆ ಹತ್ತಿರದ ಶಕ್ತಿಯಲ್ಲಿ 6:59.157. ಪೋರ್ಶೆಯ ಮಾಮೂಲಿ ಜಿಟಿ3, ಸುಮಾರು 500 ಎಚ್‌ಪಿಯದು, 2021ರ ಹೊತ್ತಿಗೇ 6:59.927 ಮಾಡಿ ಮನೆಗೆ ಹೋಗಿತ್ತು. ಶಿಯೊಮಿ, ನೆವೆರಾ, ಯು9 ಮೂರೂ ಎಲೆಕ್ಟ್ರಿಕ್, ಬ್ಯಾಟರಿಯ ತೂಕ ತಿರುವಿನಲ್ಲಿ ಲೆಕ್ಕ ಕೇಳುತ್ತದೆ.

ಹಾಗಾದರೆ ಯಾವುದು?

ಟ್ರ್ಯಾಕಿಗೆ ಹೋಗಿ ದಿನವಿಡೀ ಸುತ್ತು ಹೊಡೆಯುವವರಾದರೆ ಒಂದು ಬಿಸಿ ಸುತ್ತಿನ ದಾಖಲೆ ನಿಮಗೆ ಬೇಡ. ಹತ್ತನೇ ಸುತ್ತು ಬೇಕು. ಭಾರದ ಕಾರಿನಲ್ಲಿ ಬ್ರೇಕು, ಟೈರು ಎರಡೂ ಬೇಗ ಬಿಸಿಯಾಗಿ ಕೈಕೊಡುತ್ತವೆ. ಎಲೆಕ್ಟ್ರಿಕ್ ಕಾರಿನಲ್ಲಿ ಇದಕ್ಕೆ ಬ್ಯಾಟರಿಯ ಬಿಸಿಯೂ ಸೇರುತ್ತದೆ, ಚಾರ್ಜಿಗೆ ಕಾಯುವುದೂ ಸೇರುತ್ತದೆ. ಇಂಥವರಿಗೆ ಜಿಟಿ3 ಅಥವಾ ಕಾರ್ವೆಟ್ ಜೆಡ್‌06. ಇವೆರಡರ ನಡುವೆ 12 ಸೆಕೆಂಡ್, ಶೇ. 3ಕ್ಕೆ ಹತ್ತಿರ. ಅದು ನಿಜವಾದ ಅಂತರವೇ. ಎಂಜಿನಿಯರ್ ಓಡಿಸಿದ್ದು ಅಂತ ಒಂದಿಷ್ಟು ಕಳೆದರೂ ಪೋರ್ಶೆ ಮುಂದೆಯೇ ಉಳಿಯುತ್ತದೆ. ಆದರೆ ನಿಮ್ಮ ಟ್ರ್ಯಾಕು ಚಿಕ್ಕದು, ನಿಧಾನ ತಿರುವುಗಳದ್ದು ಎಂದರೆ ಈ ಅಂತರ ಕರಗಬಹುದು, ವೈಪರಿನ ಲಗೂನಾ ಸೆಕಾ ನೆನಪಿಸಿಕೊಳ್ಳಿ.

ನೇರ ದಾರಿಯ ತಳ್ಳು, ನಾಲ್ಕು ಬಾಗಿಲು, ವಾರಕ್ಕೊಂದೇ ಜೋರು ಸುತ್ತು, ಇಷ್ಟೇ ಸಾಕು ಅನ್ನುವವರಿಗೆ ಎಸ್‌ಯು7 ಅಲ್ಟ್ರಾ ಕೆಟ್ಟದ್ದಲ್ಲ. ಪ್ರೊಟೊಟೈಪಿನ ಅಂಕಿ ನೋಡಿ ಕೊಳ್ಳಬೇಡಿ, ಅಷ್ಟೇ.

ಸಿವಿಕ್ ಮತ್ತು ಮೆಗಾನ್ ನಡುವೆ ಆರಿಸುವುದು ನನಗೆ ಅತಿ ಕಷ್ಟ. ಅರ್ಧ ಸೆಕೆಂಡ್ ನನ್ನ ಕೈಯಲ್ಲಿ ಯಾವ ಕಾಲಕ್ಕೂ ಕಾಣುವುದಿಲ್ಲ. ಸಿವಿಕ್‌ನಲ್ಲಿ ನಾಲ್ಕು ಜನ ಕೂರಬಹುದು. ಮೆಗಾನ್ ಟ್ರೋಫಿ-ಆರ್‌ನಲ್ಲಿ ತೂಕ ಇಳಿಸಲು ಹಿಂದಿನ ಸೀಟನ್ನೇ ಕಿತ್ತಿದ್ದಾರೆ, ಮಾಡಿದ್ದು 500 ಕಾರು ಮಾತ್ರ. ಮನೆಯವರನ್ನು ಕೇಳಿದರೆ ಸಿವಿಕ್ ಅಂತಾರೆ. ನನಗೆ ಮಾತ್ರ ಆ ಸೀಟಿಲ್ಲದ ಖಾಲಿ ಜಾಗ ಕಂಡಾಗೆಲ್ಲ, ಅಲ್ಲಿ ಟ್ರ್ಯಾಕಿಗೆ ಒಯ್ಯುವ ಇನ್ನೊಂದು ಜೊತೆ ಟೈರು ಪೇರಿಸಬಹುದಲ್ಲ ಅನ್ನಿಸುತ್ತದೆ.